ದಪ್ಪ, ಚೌಕಾಕಾರದ ಕನ್ನಡ ಅಕ್ಷರ ಮಾಡುವುದು ಹೇಗೆ? ಹಾಳೆಯಿಂದ ಬೋರ್ಡಿನವರೆಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಜಗತ್ ಸರ್ಕಲ್ ಕಡೆ ಬೋರ್ಡುಗಳನ್ನು ಓದುತ್ತಾ ನಡೆಯಿರಿ. ರಸ್ತೆಯ ಆ ಕಡೆಯಿಂದಲೇ ಇಂಗ್ಲಿಷ್ ಸಾಲು ಸಲೀಸಾಗಿ ಓದಲು ಬರುತ್ತದೆ. ಅದೇ ಬೋರ್ಡಿನ ದಪ್ಪ ಕನ್ನಡ ಸಾಲನ್ನು ಓದಲು ಹತ್ತಿರ ಹೋಗಬೇಕು. ಠದ ಚುಕ್ಕೆ ಮುಚ್ಚಿ ಮಠ ಮರ ಆಗಿರುತ್ತದೆ. ಧ ಸುಮ್ನೆ ದ ಆಗಿರುತ್ತದೆ. ಒತ್ತಕ್ಷರ ಕೆಳಗಿನ ಫೋನ್ ನಂಬರಿನ ಮೇಲೆ ಕೂತಿರುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರ ತಿದ್ದುಪಡಿ ಬಂದ ಮೇಲೆ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು. ಅಂದರೆ ಕನ್ನಡಕ್ಕೆ ಜಾಗವಂತೂ ಸಿಕ್ಕಿದೆ.

ಹೆಚ್ಚಿನವರು ಎಡವುವುದು ಒಂದೇ ಕಡೆ. ಗೆರೆ ಎಷ್ಟು ದಪ್ಪ ಇರಬೇಕು ಅಂತ ಮೊದಲು ತೀರ್ಮಾನಿಸುತ್ತಾರೆ. ಅಕ್ಷರದ ಒಳಗಿನ ಖಾಲಿ ಜಾಗ ಉಳಿದಷ್ಟು ಉಳಿಯಲಿ ಅಂತ ಬಿಡುತ್ತಾರೆ. ಕನ್ನಡಕ್ಕೆ ಈ ಕ್ರಮ ಉಲ್ಟಾ ಆಗಬೇಕು. ಖಾಲಿ ಜಾಗ ಎಷ್ಟು ಬೇಕು ಅಂತ ಮೊದಲು ಲೆಕ್ಕ ಹಾಕಿ, ಉಳಿದದ್ದನ್ನು ಗೆರೆಗೆ ಕೊಡಬೇಕು. ಕೆಳಗಿನ ಹಂತಗಳೆಲ್ಲ ಈ ಕ್ರಮದಲ್ಲೇ ಇವೆ. ಹಂತ ಹಾರಿಸಬೇಡಿ. ಒಂದು ಅಂಗಡಿಯ ಹೆಸರು ಮಾತ್ರ ಸಾಕು ಅನ್ನುವವರು 8ನೇ ಹಂತ ಬಿಡಬಹುದು. ಪೂರ್ತಿ ಫಾಂಟ್ ಮಾಡುವವರಿಗೆ ಎಲ್ಲವೂ ಬೇಕು.

ಬೇಕಾಗುವ ಸಾಮಾನು

ಗ್ರಾಫ್ ಹಾಳೆ, ಪೆನ್ಸಿಲ್, ಒಳ್ಳೆಯ ರಬ್ಬರ್, ಸ್ಕೇಲ್, ಕಪ್ಪು ಮಾರ್ಕರ್. ರಬ್ಬರ್ ಅಂತ ಬೇಕೆಂದೇ ಬರೆದಿದ್ದೇನೆ, ಜಾಸ್ತಿ ಕೆಲಸ ಅದರದ್ದೇ.

ಕಂಪ್ಯೂಟರಿನಲ್ಲಿ ಅಕ್ಷರ ಬಿಡಿಸಲು ಇಂಕ್‌ಸ್ಕೇಪ್, ಅದನ್ನು ಫಾಂಟ್ ಮಾಡಲು ಫಾಂಟ್‌ಫೋರ್ಜ್. ಎರಡೂ ಉಚಿತ. ಕೋರಲ್‌ಡ್ರಾ ಕೈಗೆ ಕೂತಿದ್ದರೆ ಅದರಲ್ಲೇ ಅಕ್ಷರ ಬಿಡಿಸಿ ಎಸ್‌ವಿಜಿ ಕಡತವಾಗಿ ಉಳಿಸಿಕೊಳ್ಳಬಹುದು. ಮ್ಯಾಕ್ ಇದ್ದು ದುಡ್ಡು ಹಾಕುವ ಮನಸ್ಸಿದ್ದವರಿಗೆ ಗ್ಲಿಫ್ಸ್ ಇದೆ. ಮೊದಲ ಫಾಂಟಿಗೆ ಅದರ ಅಗತ್ಯ ಇಲ್ಲ.

ನೋಡಿ ಕಲಿಯಲು ಬಲೂ ತಮ್ಮ ಮತ್ತು ಅನೇಕ್ ಕನ್ನಡ ಎಂಬ ಎರಡು ಫಾಂಟ್ ಇಳಿಸಿಕೊಳ್ಳಿ. ಎರಡೂ ಏಕ್ ಟೈಪ್ ತಂಡದವು, ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಬಲೂ ತಮ್ಮ ದಪ್ಪ, ಆದರೆ ಮೂಲೆಗಳು ದುಂಡು. ಅನೇಕ್ ಕನ್ನಡದಲ್ಲಿ ದಪ್ಪವನ್ನೂ ಅಗಲವನ್ನೂ ಬೇರೆಬೇರೆಯಾಗಿ ಹೆಚ್ಚು ಕಡಿಮೆ ಮಾಡಬಹುದು. ತೆಳುವಿನಿಂದ ದಪ್ಪಕ್ಕೆ ಎಳೆಯುತ್ತಾ ಹೋದಂತೆ ಣ, ಷ, ಠಗಳ ಒಳಗಿನ ಜಾಗ ಎಲ್ಲಿ ಕಡಿಮೆಯಾಗುತ್ತದೆ, ಎಲ್ಲಿ ಹಾಗೇ ಉಳಿಯುತ್ತದೆ ಅಂತ ಗಮನಿಸಿ. ಅರ್ಧ ಪಾಠ ಅಲ್ಲೇ ಇದೆ.

ಹಂತ 1: ಅಕ್ಷರ ಎಲ್ಲಿ ಕೂರುತ್ತದೆ ಅಂತ ಬರೆದಿಟ್ಟುಕೊಳ್ಳಿ

ಫ್ಲೆಕ್ಸ್ ಮೇಲೆ ಚೆನ್ನಾಗಿ ಕಂಡ ಅಕ್ಷರ ಗೋಣಿಚೀಲದ ಮೇಲೆ ಕೆಡುತ್ತದೆ. ಬಣ್ಣ ನಾರಿನಲ್ಲಿ ಹರಡಿ ಸಣ್ಣ ಸಂದುಗಳನ್ನೆಲ್ಲ ತುಂಬಿಬಿಡುತ್ತದೆ. ರಾತ್ರಿ ಒಳಗಿನಿಂದ ದೀಪ ಉರಿಯುವ ಅಕ್ಷರ ಇರುವುದಕ್ಕಿಂತ ದಪ್ಪ ಕಾಣುತ್ತದೆ. ಶಹಾಬಾದ್ ಕಲ್ಲಿನಲ್ಲಿ ಕೊರೆಯುವ ಅಕ್ಷರಕ್ಕೆ ಯಂತ್ರದ ಮೊನೆಯ ಮಿತಿ ಇದೆ.

ಎತ್ತರದ ಲೆಕ್ಕವನ್ನೂ ಈಗಲೇ ಮಾಡಿ. ಬೋರ್ಡ್ ಕೆಲಸದಲ್ಲಿ 10 ಅಡಿ ದೂರಕ್ಕೆ 1 ಇಂಚು ಎತ್ತರ ಅನ್ನುವ ರೂಢಿಯ ಲೆಕ್ಕ ಒಂದಿದೆ. ಅದು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಹುಟ್ಟಿದ ಲೆಕ್ಕ. ಕನ್ನಡದ ಅಕ್ಷರದೊಳಗೆ ತಿರುವು ಜಾಸ್ತಿ. ಹಾಗಾಗಿ ನಾನು ಒಂದೂವರೆ ಇಂಚು ಹಿಡಿಯುತ್ತೇನೆ, ಅದೂ ಒತ್ತು ಬಿಟ್ಟು ಮೂಲ ಅಕ್ಷರದ ಎತ್ತರಕ್ಕೆ. 60 ಅಡಿ ರಸ್ತೆಯ ಆಚೆಯಿಂದ ಓದಬೇಕು ಅಂದರೆ ಅಕ್ಷರದ ಎತ್ತರವೇ 9 ಇಂಚು. ಒತ್ತಿಗೆ ಅದರ ಕೆಳಗೆ ಬೇರೆ ಜಾಗ ಬೇಕು.

ಅಂಗಡಿಯವರು ಬಂದು, "ಇನ್ನೂ ದಪ್ಪ ಮಾಡ್ರಿ, ದೂರಿಂದ ಕಾಣ್ಬೇಕ್ರಿ" ಅನ್ನುತ್ತಾರೆ. ದೂರದಿಂದ ಕಾಣಲು ಬೇಕಾದದ್ದು ಎತ್ತರ. ದಪ್ಪ ಮಾಡಿದರೆ ಬಣ್ಣ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಇದನ್ನು ಅವರಿಗೆ ಬಾಯಲ್ಲಿ ಹೇಳಿದರೆ ಒಪ್ಪುವುದು ಕಷ್ಟ. ಎರಡೂ ಥರ ಪ್ರಿಂಟ್ ತೆಗೆದು, ಅಕ್ಕಪಕ್ಕದಲ್ಲಿ ಗೋಡೆಗೆ ಅಂಟಿಸಿ, ಅವರನ್ನೇ ಹಿಂದೆ ಹಿಂದೆ ನಡೆಸಿ.

ಹಂತ 2: ಚೌಕ ಹಾಕಿ, ಖಾಲಿ ಜಾಗದಿಂದ ಲೆಕ್ಕ ಶುರು ಮಾಡಿ

ಅಕ್ಷರದ ಮೈ ಎತ್ತರ 12 ಚೌಕ ಇರಲಿ. ತಲೆಕಟ್ಟು ಇದರೊಳಗೇ ಬರಬೇಕು. ಒಂದು ಚೌಕಕ್ಕೆ 50 ಅಂಶ ಅಂತ ಇಟ್ಟುಕೊಂಡರೆ ಎತ್ತರ 600 ಅಂಶ. ಮುಂದೆ 1000 ಅಂಶದ ಫಾಂಟ್ ಚೌಕಟ್ಟಿಗೆ ಇದು ಸಲೀಸಾಗಿ ಹೊಂದುತ್ತದೆ.

ಈಗ ಕ ತೆಗೆದುಕೊಳ್ಳಿ. ಮೇಲಿಂದ ಕೆಳಗೆ ಮೂರು ಅಡ್ಡಗೆರೆ ಬರುತ್ತವೆ: ತಲೆಕಟ್ಟು, ನಡುವಿನ ಅಡ್ಡ, ತಳ. ನಡುವೆ ಎರಡು ಖಾಲಿ. ಅಡ್ಡಗೆರೆ 150 ಇಟ್ಟರೆ ಮೂರಕ್ಕೆ 450 ಹೋಯಿತು. ಉಳಿದ 150ರಲ್ಲಿ ಎರಡು ಖಾಲಿ, ತಲಾ 75. ದೂರದಿಂದ ಇದು ಕಪ್ಪು ಮುದ್ದೆ. ಅಡ್ಡಗೆರೆಯನ್ನು 125ಕ್ಕೆ ಇಳಿಸಿ. 375 ಹೋಗಿ 225 ಉಳಿಯುತ್ತದೆ, ಒಂದೊಂದು ಖಾಲಿಗೆ 112 ಸಿಗುತ್ತದೆ. ಅಕ್ಷರ ಉಸಿರಾಡುತ್ತದೆ. ನೋಡುವವರಿಗೆ ಮಾತ್ರ ದಪ್ಪ ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ.

ಅದಕ್ಕೆ ಕಾರಣ ಕಣ್ಣಿನದು. ಒಂದೇ ಅಳತೆಯ ಎರಡು ಗೆರೆಗಳಲ್ಲಿ ಅಡ್ಡ ಗೆರೆ ಉದ್ದ ಗೆರೆಗಿಂತ ದಪ್ಪ ಕಾಣುತ್ತದೆ. ಹಾಗಾಗಿ ನಿಂತ ಗೆರೆ 150, ಅಡ್ಡ ಗೆರೆ 125 ಇಟ್ಟರೆ ಎರಡೂ ಸಮ ಅನಿಸುತ್ತವೆ. ಸ್ಕೇಲಿನಲ್ಲಿ ಸಮ ಮಾಡಲು ಹೋದವರ ಅಕ್ಷರ ಮೇಲೆ ಕೆಳಗೆ ಭಾರವಾಗಿ, ಅದುಮಿದ ಹಾಗೆ ಕಾಣುತ್ತದೆ.

ಒಂದು ಮಿತಿ ಹಾಕಿಕೊಳ್ಳಿ: ಅಕ್ಷರದ ಒಳಗಿನ ಯಾವ ಖಾಲಿಯೂ ನಿಂತ ಗೆರೆಯ ಅರ್ಧಕ್ಕಿಂತ, ಅಂದರೆ 75ಕ್ಕಿಂತ ಸಣ್ಣದಾಗಬಾರದು. ಗೋಣಿಚೀಲಕ್ಕೋ ಗೋಡೆಗೋ ಹೋಗುವ ಅಕ್ಷರವಾದರೆ 100 ಇರಲಿ. ಹಾಳೆಯ ಮೂಲೆಯಲ್ಲಿ ನಿಂತ ಗೆರೆ, ಅಡ್ಡ ಗೆರೆ, ಖಾಲಿಯ ಮಿತಿ ಈ ಮೂರು ಸಂಖ್ಯೆ ದೊಡ್ಡದಾಗಿ ಬರೆದಿಡಿ. ಮುಂದೆ ಯಾವುದಾದರೂ ಅಕ್ಷರ ಹಿಡಿಸದಿದ್ದಾಗ ಖಾಲಿಯನ್ನು ಕತ್ತರಿಸುವ ಆಸೆ ಬಂದೇ ಬರುತ್ತದೆ. ಆಗ ಅಕ್ಷರವನ್ನು ಅಗಲ ಮಾಡಿ. ಎಲ್ಲ ಅಕ್ಷರ ಒಂದೇ ಅಗಲ ಇರಬೇಕು ಅಂತ ಯಾರೂ ಹೇಳಿಲ್ಲ.

ಹಂತ 3: ಅ, ಆ, ಇ ಬಿಡಿ, ಕಷ್ಟದ ಅಕ್ಷರದಿಂದ ಶುರು ಮಾಡಿ

ವರ್ಣಮಾಲೆಯ ಕ್ರಮದಲ್ಲಿ ಹೋದರೆ ಸುಲಭದ ಅಕ್ಷರಗಳಿಗೆ ಒಂದು ದಪ್ಪ ಕೂತುಬಿಡುತ್ತದೆ. ಆಮೇಲೆ ಠ, ಣ, ಷ, ಛ ಬಂದಾಗ ಆ ದಪ್ಪ ಹಿಡಿಸುವುದಿಲ್ಲ. ಆಗ ಅವನ್ನಷ್ಟೇ ತೆಳ್ಳಗೆ ಮಾಡುತ್ತಾರೆ, ಸಾಲಿನಲ್ಲಿ ಅವು ಮಾಸಿದಂತೆ ಕಾಣುತ್ತವೆ. ಮೊದಲು ಈ ಆರು ಬಿಡಿಸಿ: ಠ, ಣ, ಷ, ಛ, ಧ, ಕ್ಷ. ಇವುಗಳಲ್ಲಿ ನಿಂತ ದಪ್ಪ ಉಳಿದವುಗಳಲ್ಲೂ ನಿಲ್ಲುತ್ತದೆ.

ಠವನ್ನು ಹತ್ತಿರದಿಂದ ನೋಡೋಣ. ನಡುಮಧ್ಯೆ ಮೇಲಿಂದ ಕೆಳಗೆ ಗೆರೆ ಎಳೆದರೆ ಸಿಗುವುದು ತಲೆಕಟ್ಟು, ಖಾಲಿ, ಚುಕ್ಕೆ, ಖಾಲಿ, ತಳ. ತಲೆಕಟ್ಟಿಗೂ ತಳಕ್ಕೂ 125ರಂತೆ 250 ಹೋಯಿತು. ಉಳಿದ 350ರಲ್ಲಿ ಚುಕ್ಕೆಗೆ 130 ಕೊಟ್ಟರೆ ಮೇಲೆ ಕೆಳಗೆ 110 ಉಳಿಯುತ್ತದೆ. ಒಳ್ಳೆಯದು. ಈಗ ಅಡ್ಡಕ್ಕೆ ನೋಡಿ. ಅಕ್ಷರದ ಅಗಲ 600, ಎರಡು ಗೋಡೆ 150ರಂತೆ 300, ಚುಕ್ಕೆ 130. ಅಕ್ಕಪಕ್ಕ 85 ಮಾತ್ರ ಉಳಿಯಿತು. ಮಿತಿಯೊಳಗೇ ಇದೆ, ಆದರೆ ಚೀಲದ ಮೇಲೆ ಸಾಲದು. ಅಗಲವನ್ನು 650 ಮಾಡಿದರೆ 110 ಸಿಗುತ್ತದೆ, ಚುಕ್ಕೆಯ ನಾಲ್ಕೂ ಕಡೆ ಒಂದೇ ಖಾಲಿ. ಚುಕ್ಕೆಯನ್ನು ಚೌಕವಾಗಿಯೇ ಇಡಿ. ಅಕ್ಷರವೆಲ್ಲ ಚೌಕವಾಗಿದ್ದು ಚುಕ್ಕೆ ಮಾತ್ರ ದುಂಡಗಿದ್ದರೆ ಅದು ಕೊಳೆ ಬಿದ್ದ ಹಾಗೆ ಕಾಣುತ್ತದೆ.

ಮಹಾಪ್ರಾಣದ ಹೊಟ್ಟೆ ಸೀಳು ಇನ್ನೊಂದು ತಕರಾರು. ಧ, ಢ, ಫ, ಭ, ಘಗಳಲ್ಲಿ ಕೆಳಗೆ ಬರುವ ಆ ಸಣ್ಣ ಗೀಟು ದಪ್ಪ ಅಕ್ಷರದಲ್ಲಿ ತಳದೊಳಗೆ ಕರಗಿಹೋಗುತ್ತದೆ. ಎರಡು ದಾರಿ ಇವೆ. ಗೀಟನ್ನು ತಳಗೆರೆಯಿಂದ ಕನಿಷ್ಠ 80 ಅಂಶ ಕೆಳಗೆ ಇಳಿಸುವುದು ಒಂದು. ತಳದಲ್ಲೇ ಗೀಟಿನ ಎರಡೂ ಬದಿಗೆ ಸಣ್ಣ ಕಚ್ಚು ತೆಗೆಯುವುದು ಇನ್ನೊಂದು. ನನ್ನ ಓಟು ಮೊದಲನೆಯದಕ್ಕೆ. ಕಚ್ಚು ಹತ್ತಿರದಿಂದ ಚೆಂದ, ಆದರೆ ಧೂಳು ಕೂತ ಬೋರ್ಡಿನಲ್ಲಿ ಮೊದಲು ಮುಚ್ಚಿಹೋಗುವುದು ಅದೇ. ನಮ್ಮ ಕಡೆ ಧೂಳಿಗೇನು ಬರ.

ಪ ಮತ್ತು ವ ನಡುವಿನ ವ್ಯತ್ಯಾಸ ನಿಂತಿರುವುದು ಬಲಗಡೆ ಮೇಲಿನ ಬಾಯಿ ತೆರೆದಿದೆಯೋ ಮುಚ್ಚಿದೆಯೋ ಅನ್ನುವುದರ ಮೇಲೆ. ಪ ಅಕ್ಷರದ ಬಾಯಿಗೆ 100 ಅಂಶಕ್ಕಿಂತ ಕಡಿಮೆ ಕೊಡಬೇಡಿ. ಷದ ಒಳಗಿನ ಗೀರಿಗೆ ಪೂರ್ತಿ 150ರ ದಪ್ಪ ಬೇಕಾಗಿಲ್ಲ, 110 ಸಾಕು. ಒಳಗಿನ ಗೀರು ಹೊರಗಿನ ಗೋಡೆಗಿಂತ ತೆಳ್ಳಗಿದ್ದರೂ ಕಣ್ಣು ಒಪ್ಪಿಕೊಳ್ಳುತ್ತದೆ.

ಎಚ್ಚರದ ಗುರುತು: ಹಾಳೆಯನ್ನು ಗೋಡೆಗೆ ಒರಗಿಸಿ ಕಣ್ಣು ಕಿರಿದು ಮಾಡಿ ನೋಡಿ. ಆರರಲ್ಲಿ ಯಾವುದೋ ಒಂದು ಮಾತ್ರ ಕಪ್ಪು ಕಲೆಯಾಗಿ ಎದ್ದು ಬಂದರೆ ಅದರೊಳಗೆ ಖಾಲಿ ಸಾಲದು. ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 4: ತಲೆಕಟ್ಟು, ಗುಡಿಸು, ಕೊಂಬು

ತಲೆಕಟ್ಟು ಎಲ್ಲ ಅಕ್ಷರಕ್ಕೂ ಇಲ್ಲ. ಕ, ಗ, ರಕ್ಕೆ ಇದೆ, ಲ, ಬ, ಜ, ಟ, ಣಕ್ಕೆ ಇಲ್ಲ. ಕಲಬುರಗಿ ಅಂತ ಬರೆಯಿರಿ, ತೊಂದರೆ ತಾನೇ ಕಾಣುತ್ತದೆ. ಕ ಆದ ಮೇಲೆ ಲ, ಬು ಒಟ್ಟಿಗೆ ಬರುತ್ತವೆ. ಅವನ್ನು ತಲೆಕಟ್ಟಿನ ಕೆಳಗಿನ ಮಟ್ಟಕ್ಕೇ ನಿಲ್ಲಿಸಿದ್ದರೆ ಹೆಸರಿನ ನಡುವೆ ಹಳ್ಳ ಬಿದ್ದಂತೆ ಆಗುತ್ತದೆ. ತಲೆಕಟ್ಟಿಲ್ಲದ ಅಕ್ಷರಗಳನ್ನು ಮೇಲಿನ ಗೆರೆಯವರೆಗೂ ಏರಿಸಿ. ಅವುಗಳ ನೆತ್ತಿ ದುಂಡಗಿದ್ದರೆ ಗೆರೆಗಿಂತ ಇನ್ನೂ 10 ಅಂಶ ಮೇಲೆ ಹೋಗಲಿ. ಸರಿಯಾಗಿ ಗೆರೆಗೆ ಮುಟ್ಟಿಸಿದ ದುಂಡು ಕಣ್ಣಿಗೆ ಯಾವಾಗಲೂ ಗಿಡ್ಡ.

ಗುಡಿಸು ಬಂದಾಗ ತಲೆಕಟ್ಟು ಹೋಗಿ ಅದರ ಜಾಗದಲ್ಲಿ ಸುಳಿ ಬರುತ್ತದೆ. ಗದ ಮೇಲೆ ಸುಳಿ ಅಂಟಿಸಿದರೆ ಗಿ ಆಗುವುದಿಲ್ಲ, ಗಿ ಅನ್ನು ಬೇರೆಯಾಗಿಯೇ ಬಿಡಿಸಬೇಕು. ಸುಳಿಯೊಳಗಿನ ಖಾಲಿಗೂ ಅದೇ 75ರ ಮಿತಿ. ಇದಕ್ಕಾಗಿ ಮೈ ಎತ್ತರದ ಮೇಲೆ ಇನ್ನೂ 150 ಅಂಶ ಬಿಟ್ಟುಕೊಳ್ಳಿ. ಪ್ರತಿ ವ್ಯಂಜನಕ್ಕೂ ಒಂದೊಂದು ಗುಡಿಸಿನ ರೂಪ ಅಂದರೆ ಕೆಲಸ ಜಾಸ್ತಿ, ಹೌದು. ಇದಕ್ಕೆ ಅಡ್ಡದಾರಿ ಹುಡುಕಿದ ಫಾಂಟುಗಳನ್ನು ನೋಡಿದ ಕೂಡಲೇ ಗುರುತು ಹಿಡಿಯಬಹುದು.

ಕೊಂಬಿನಲ್ಲಿ ಒಂದು ಬಲೆ ಇದೆ. ವಕ್ಕೆ ಪಕ್ಕದಲ್ಲಿ ಮಾಮೂಲಿ ಕೊಂಬು ಅಂಟಿಸಿದರೆ ಅದು ಮ ಆಗುತ್ತದೆ. ಅದಕ್ಕೇ ವು, ಪು, ಫುಗಳಲ್ಲಿ ಕೊಂಬು ಕೆಳಕ್ಕೆ ಇಳಿಯುತ್ತದೆ. ಸುರಪುರ ಅಂತ ಬರೆದರೆ ಸುದಲ್ಲಿ ಒಂದು ಥರ, ಪುದಲ್ಲಿ ಇನ್ನೊಂದು ಥರ ಬರಬೇಕು. ಸುರಪುರ, ಶಹಾಪುರ, ಚಿತ್ತಾಪುರ, ಕಮಲಾಪುರ, ಅಫಜಲಪುರ: ಪು ಸರಿ ಬಾರದ ಫಾಂಟ್ ಇಟ್ಟುಕೊಂಡು ನಮ್ಮ ಕಡೆ ಏನು ಮಾಡುತ್ತೀರಿ?

ಹಂತ 5: ಒತ್ತಕ್ಷರವನ್ನು ಕುಗ್ಗಿಸಬೇಡಿ, ಹೊಸದಾಗಿ ಬರೆಯಿರಿ

ಬೋರ್ಡುಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಮೂಲ ಅಕ್ಷರವನ್ನು ಅರ್ಧಕ್ಕೆ ಕುಗ್ಗಿಸಿ ಕೆಳಗೆ ಇಡುತ್ತಾರೆ. ಎತ್ತರದ ಜೊತೆ ಗೆರೆಯೂ ಅರ್ಧ ಆಗುತ್ತದೆ. 150ರ ಗೆರೆ 75 ಆಯಿತು. ಮೇಲೆ ದಪ್ಪ ಅಕ್ಷರ, ಕೆಳಗೆ ಬಡಕಲು ಒತ್ತು.

ಒತ್ತಿನ ಎತ್ತರ 280 ಇರಲಿ, ನಿಂತ ಗೆರೆ 110, ಅಡ್ಡಗೆರೆ 90. ಬಹುತೇಕ ಒತ್ತುಗಳಿಗೆ ತಲೆಕಟ್ಟು ಇರುವುದಿಲ್ಲ, ಹಾಗಾಗಿ ಒಂದು ಅಡ್ಡಗೆರೆಯ ಜಾಗ ಉಳಿಯುತ್ತದೆ. ಒಳಗಿನ ಖಾಲಿ 55ಕ್ಕಿಂತ ಇಳಿಯದಂತೆ ನೋಡಿಕೊಳ್ಳಿ. ತ, ನ, ಮ, ಯ, ರ, ಲ ಒತ್ತುಗಳಿಗೆ ಮೂಲ ಅಕ್ಷರದ ರೂಪವೇ ಇಲ್ಲ, ಅವು ಬೇರೆಯೇ ಗುರುತುಗಳು. ಅವನ್ನು ಮೊದಲು ಬಿಡಿಸಿ, ಕೆಲಸಕ್ಕೆ ಜಾಸ್ತಿ ಬರುವುದೂ ಅವೇ.

ಮೂಲ ಅಕ್ಷರದ ತಳಕ್ಕೂ ಒತ್ತಿಗೂ ನಡುವೆ 60 ಅಂಶ ಬಿಡಿ. ಅಲ್ಲಿಗೆ ತಳಗೆರೆಯಿಂದ ಕೆಳಗೆ 340 ಅಂಶ ಹೋಯಿತು. ಇದನ್ನು ಉಳಿಸಲು ಕೆಲವರು ಒತ್ತನ್ನು ಮೇಲಕ್ಕೆ ತಳ್ಳಿ ಅಂಟಿಸುತ್ತಾರೆ. ಹಾಗೆ ಮಾಡಿದರೆ ಚಿಟಗುಪ್ಪದ ಪ್ಪ ಒಂದೇ ಗಂಟಾಗಿ ಕಾಣುತ್ತದೆ. ಜಾಗ ಉಳಿಸಲೇಬೇಕಿದ್ದರೆ ಒತ್ತನ್ನು ಬಲಕ್ಕೆ ಸರಿಸಿ, ಅರ್ಧ ಮೂಲ ಅಕ್ಷರದ ಕೆಳಗೆ, ಅರ್ಧ ಪಕ್ಕಕ್ಕೆ ಬರಲಿ.

ಎರಡು ಒತ್ತು ಬರುವ ಪದಗಳನ್ನು ಮರೆಯಬೇಡಿ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಇಲ್ಲೇ ಸೇಡಂ ತಾಲೂಕಿನಲ್ಲಿದೆ, ಹಾಗಾಗಿ ರಾಷ್ಟ್ರಕೂಟ ಅನ್ನುವ ಪದ ಎಂದಾದರೂ ನಿಮ್ಮ ಮೇಜಿಗೆ ಬಂದೇ ಬರುತ್ತದೆ. ಷ್ಟ್ರದಲ್ಲಿ ಟ ಒತ್ತಿನ ಕೆಳಗೆ ರ ಒತ್ತನ್ನು ಇಳಿಸಿದರೆ ಬೋರ್ಡಿನಿಂದ ಆಚೆ ಹೋಗುತ್ತದೆ. ಎರಡನ್ನೂ ಅಕ್ಕಪಕ್ಕ ಕೂರಿಸಿ, ಷ ಸ್ವಲ್ಪ ಅಗಲವಾಗಲಿ.

ಹಂತ 6: ಮೂರು ಜಿಲ್ಲೆಯ ತಾಲೂಕುಗಳ ಹೆಸರಿನಲ್ಲಿ ಪರೀಕ್ಷೆ

ಬಿಡಿ ಅಕ್ಷರ ನೋಡಿ ಖುಷಿಪಟ್ಟರೆ ಸಾಲದು, ಪದ ಕಟ್ಟಬೇಕು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ, ಅಂದರೆ ನಮ್ಮ ಕಡೆಯ ಹೆಸರುಗಳಿಗಿಂತ ಒಳ್ಳೆಯ ಪರೀಕ್ಷೆ ಬೇರೆ ಬೇಕಿಲ್ಲ.

ಜೇವರ್ಗಿಯಲ್ಲಿ ಅರ್ಕಾವತ್ತು ಇದೆ. ಅದು ಗಿ ಆದ ಮೇಲೆ ಬರಬೇಕು. ಅದರ ಸುಳಿಯ ಒಳಗಿನ ತೂತು ಮುಚ್ಚಿದೆಯೇ ನೋಡಿ. ಗುರುಮಠಕಲ್‌ನಲ್ಲಿ ಠದ ಚುಕ್ಕೆ, ಕೊನೆಗೆ ಲ್. ಆ ಕೊನೆಯ ಗುರುತು ಮೇಲಕ್ಕೆ ಎಷ್ಟು ಏರುತ್ತದೆ ಅಂತ ಅಳೆಯಿರಿ. ಭಾಲ್ಕಿಯಲ್ಲಿ ಹೊಟ್ಟೆ ಸೀಳು ಮತ್ತು ಒತ್ತು ಎರಡೂ ಕೆಳಗೆ ಬರುತ್ತವೆ, ಒಂದಕ್ಕೊಂದು ತಾಗಬಾರದು. ಔರಾದ್‌ನ ಔ ಎಲ್ಲಕ್ಕಿಂತ ಅಗಲ. ಬಸವಕಲ್ಯಾಣದಲ್ಲಿ ಯ ಒತ್ತು ಮತ್ತು ಣ. ಯಡ್ರಾಮಿಯಲ್ಲಿ ಡದ ಕೆಳಗೆ ರ ಒತ್ತು. ಚಿಂಚೋಳಿ, ಆಳಂದ, ಸೇಡಂನಲ್ಲಿ ಸೊನ್ನೆ. ಸೊನ್ನೆಯನ್ನು 350 ಎತ್ತರಕ್ಕೆ ಬರೆದು ಒಳಗೆ 100 ಖಾಲಿ ಇಡಿ. ಹುಣಸಗಿ, ವಡಗೇರಾ, ಯಾದಗಿರಿಯನ್ನು ಅಂತರ ನೋಡಲು ಇಟ್ಟುಕೊಳ್ಳಿ. ಛ, ಢಗಳಿಗೆ ಛತ್ರ, ಢಾಬಾ ಸಾಕು.

ಅಂತರದ ನಿಯಮ ಸರಳ. ಅಕ್ಷರದ ಒಳಗಿನ ಸರಾಸರಿ ಖಾಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಖಾಲಿ ಎರಡು ಅಕ್ಷರಗಳ ನಡುವೆ ಇರಲಿ. ನಮ್ಮ ಲೆಕ್ಕದಲ್ಲಿ 90ರಿಂದ 110. ದಪ್ಪ ಅಕ್ಷರ ಅಂದ ಕೂಡಲೇ ಒತ್ತೊತ್ತಾಗಿ ಜೋಡಿಸುವ ಚಾಳಿ ಇಂಗ್ಲಿಷ್ ಪೋಸ್ಟರುಗಳನ್ನು ನೋಡಿ ಬಂದದ್ದು. ಕನ್ನಡದಲ್ಲಿ ಪಕ್ಕದ ಅಕ್ಷರದ ಗೆರೆ ದೀರ್ಘವೋ ಕೊಂಬೋ ಅಂತ ಓದುಗ ಗೊಂದಲಕ್ಕೆ ಬೀಳುತ್ತಾನೆ.

ಎಲ್ಲ ಹೆಸರುಗಳನ್ನೂ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದು, ಫೋಟೋ ಹೊಡೆದು, ಮೊಬೈಲಿನಲ್ಲಿ ಬೆರಳುಗುರಿನಷ್ಟು ಚಿಕ್ಕದು ಮಾಡಿ ನೋಡಿ. ಆ ಊರುಗಳ ಪರಿಚಯ ಇಲ್ಲದವರ ಕೈಲಿ ಓದಿಸಿ. ಗೊತ್ತಿದ್ದವರು ಊಹೆ ಮಾಡಿ ಸರಿಯಾಗೇ ಓದಿಬಿಡುತ್ತಾರೆ, ಅದು ಲೆಕ್ಕಕ್ಕಿಲ್ಲ.

ಹಂತ 7: ಕಂಪ್ಯೂಟರಿಗೆ ಇಳಿಸುವುದು

ಹಾಳೆಯನ್ನು ಸ್ಕ್ಯಾನ್ ಮಾಡಿ ಇಂಕ್‌ಸ್ಕೇಪಿನಲ್ಲಿ ಕೆಳಗಿಟ್ಟುಕೊಂಡು ಅದರ ಮೇಲೆ ಹೊಸದಾಗಿ ಗೆರೆ ಎಳೆಯಿರಿ. ತಾನೇ ಟ್ರೇಸ್ ಮಾಡುವ ಆಯ್ಕೆ ಬೇಡ. ನೇರ ಗೆರೆಯಲ್ಲಿ ಎರಡು ಬಿಂದು ಇರಬೇಕಾದ ಕಡೆ ಅದು ಹತ್ತಾರು ಬಿಂದು ಇಡುತ್ತದೆ, ವಿನೈಲ್ ಕತ್ತರಿಸುವ ಯಂತ್ರ ಅಲ್ಲೆಲ್ಲ ನಡುಗುತ್ತದೆ.

ತೆಳು ಫಾಂಟಿಗೆ ಔಟ್‌ಲೈನ್ ಹಾಕಿ ದಪ್ಪ ಮಾಡುವುದನ್ನು ಇವತ್ತೇ ಬಿಟ್ಟುಬಿಡಿ. ಔಟ್‌ಲೈನ್ ಹೊರಗೆ ಎಷ್ಟು ಬೆಳೆಯುತ್ತದೋ ಒಳಗೂ ಅಷ್ಟೇ ಬೆಳೆಯುತ್ತದೆ. ಮೊದಲು ಸಾಯುವುದು ಠದ ಚುಕ್ಕೆಯ ಸುತ್ತಲಿನ ಖಾಲಿ. ಜೊತೆಗೆ ಚೂಪು ತಿರುವುಗಳಲ್ಲಿ ಮುಳ್ಳಿನಂಥ ಮೊನೆಗಳು ಹೊರಗೆ ಚಾಚುತ್ತವೆ. ಬೋರ್ಡಿನಲ್ಲಿ ಈ ಮುಳ್ಳು ಕಂಡರೆ ಒಳಗೆ ಏನಾಗಿದೆ ಅಂತ ಕೇಳುವುದೇ ಬೇಡ.

ಮೂಲೆಗಳನ್ನು ಹೊರಗೆ 20 ಅಂಶದಷ್ಟು ದುಂಡು ಮಾಡಿ, ಒಳಮೂಲೆ ಚೂಪಾಗಿಯೇ ಇರಲಿ. ಎರಡು ಗೆರೆ ಕೂಡುವ ಕಡೆ ಕಪ್ಪು ಜಮಾಯಿಸಿದಂತೆ ಕಂಡರೆ ಒಂದು ಗೆರೆಯನ್ನು ಅಲ್ಲಿ ಸ್ವಲ್ಪ ತೆಳ್ಳಗೆ ಮಾಡಿ. ಕ, ಣಗಳಲ್ಲಿ ಇದು ಬೇಕೇ ಬೇಕು.

ಆಮೇಲೆ ಫಾಂಟ್‌ಫೋರ್ಜಿಗೆ ತಂದು ಎಲಿಮೆಂಟ್ ಮೆನುವಿನಲ್ಲಿ ರಿಮೂವ್ ಓವರ್‌ಲ್ಯಾಪ್, ಆ್ಯಡ್ ಎಕ್ಸ್‌ಟ್ರೀಮಾ, ಕರೆಕ್ಟ್ ಡೈರೆಕ್ಷನ್ ಇದೇ ಕ್ರಮದಲ್ಲಿ ಓಡಿಸಿ. ಸೊನ್ನೆಯ ಒಳಗಿನ ತೂತು ಕಪ್ಪಾಗಿ ತುಂಬಿಕೊಂಡರೆ ಗಾಬರಿ ಬೇಡ. ಒಳಗೆರೆಯ ದಿಕ್ಕು ತಪ್ಪಿದೆ ಅಷ್ಟೇ, ಮೂರನೆಯ ಆಯ್ಕೆ ಅದನ್ನು ಸರಿಮಾಡುತ್ತದೆ.

ಹಂತ 8: ಫಾಂಟಿನ ಒಳಗಿನ ನಿಯಮಗಳು

ಇಲ್ಲಿ ಬಿಟ್ಟು ಹೋಗುವವರೇ ಜಾಸ್ತಿ. ಅಕ್ಷರಗಳೆಲ್ಲ ಚೆಂದ ಬಂದಿರುತ್ತವೆ, ಟೈಪ್ ಮಾಡಿದರೆ ಮಾತ್ರ ಒತ್ತು ಪಕ್ಕದಲ್ಲಿ ಬಂದು ಕೂರುತ್ತದೆ.

ಕ್ರಮ ಹೀಗಿರಲಿ. ಮೊದಲು ಯೂನಿಕೋಡಿನ ಮೂಲ ಅಕ್ಷರಗಳು, ೦ಯಿಂದ ೯ರವರೆಗಿನ ಅಂಕಿಗಳು, ರೂಪಾಯಿ ಚಿಹ್ನೆ. ದೀರ್ಘದ ಬಿಡಿ ಗುರುತಾದ ೕ ಮತ್ತು ಐತ್ವದ ಕೆಳಗಿನ ಗುರುತಾದ ೖ ಇವೆರಡನ್ನು ತಪ್ಪದೆ ಹಾಕಿ. ಗುಡಿಸಿನ ದೀರ್ಘವನ್ನು ಕಂಪ್ಯೂಟರ್ ಗುಡಿಸು ಮತ್ತು ೕ ಅಂತ ಎರಡಾಗಿ ಒಡೆದು ನೋಡುತ್ತದೆ. ೕ ಇಲ್ಲದಿದ್ದರೆ ಬೀದರ್ ಅನ್ನುವ ಹೆಸರೇ ಮುರಿದುಬೀಳುತ್ತದೆ.

ಆಮೇಲೆ ಓಪನ್‌ಟೈಪ್ ನಿಯಮಗಳು, ಅಂದರೆ ಯಾವ ಅಕ್ಷರ ಕೂಡಿದರೆ ಯಾವ ರೂಪ ಬರಬೇಕು ಅಂತ ಫಾಂಟಿಗೆ ಹೇಳುವ ನಿಯಮಗಳು. ಲಿಪಿಯ ಗುರುತಾಗಿ ಕೆಎನ್‌ಡಿ2 ಆರಿಸಿ. ಕ್ಷ, ಜ್ಞಗಳಿಗೆ ಎಕೆಎಚ್‌ಎನ್, ಅರ್ಕಾವತ್ತಿಗೆ ಆರ್‌ಪಿಎಚ್‌ಎಫ್, ಒತ್ತುಗಳಿಗೆ ಬಿಎಲ್‌ಡಬ್ಲ್ಯುಎಫ್. ಒತ್ತಿನ ನಿಯಮದಲ್ಲಿ ಮೊದಲು ಹಲಂತ (ವ್ಯಂಜನದ ಸ್ವರ ತೆಗೆಯುವ ಗುರುತು), ಆಮೇಲೆ ವ್ಯಂಜನ ಬರಬೇಕು. ಹಳೆಯ ಗುರುತಿನಲ್ಲಿ ಇದು ಉಲ್ಟಾ ಇತ್ತು. ಹಳೆಯ ಪಾಠ ನೋಡಿ ಮಾಡಿದವರ ಫಾಂಟಿನಲ್ಲಿ ಒತ್ತೇ ಬರುವುದಿಲ್ಲ. ಗುಡಿಸಿನ ರೂಪಗಳನ್ನೂ, ಪು, ವುಗಳನ್ನೂ ಇವಾದ ಮೇಲೆ ಸೇರಿಸಿ.

ರ‍್ಯಾಂಕ್ ಅಂತ ಟೈಪ್ ಮಾಡಿ ನೋಡಿ. ಇಲ್ಲಿ ಅರ್ಕಾವತ್ತು ಬರಬಾರದು, ಪೂರ್ತಿ ರ ಬಂದು ಅದಕ್ಕೆ ಯ ಒತ್ತು ಬರಬೇಕು. ಕೋಚಿಂಗ್ ಸೆಂಟರಿನ ಬೋರ್ಡ್ ಮಾಡುವವರಿಗೆ ದಿನಾ ಬೇಕಾಗುವ ಪದ ಇದು.

ಕೊನೆಯದು ಎತ್ತರ, ಆಳದ ಅಳತೆ. ಮೇಲೆ 780, ಕೆಳಗೆ 360 ಸಾಕು ಅನಿಸಿದರೂ ವಿಂಡೋಸಿಗಾಗಿ ಇರುವ ಆಳದ ಅಂಕಿಯನ್ನು 400 ಮಾಡಿ. ಅದು ಕಡಿಮೆಯಿದ್ದರೆ ಪರದೆಯ ಮೇಲೆ ಒತ್ತಿನ ತಳ ಕತ್ತರಿಸಿದಂತೆ ಕಾಣುತ್ತದೆ. ಲಿಬ್ರೆಆಫೀಸ್‌ನಲ್ಲೂ ಬ್ರೌಸರಿನಲ್ಲೂ ಟೈಪ್ ಮಾಡಿ ನೋಡಿ. ಎರಡರಲ್ಲೂ ಸರಿ ಬಂದು ಫೋಟೋಶಾಪಿನಲ್ಲಿ ಮಾತ್ರ ಒಡೆದರೆ ತಪ್ಪು ಫಾಂಟಿನದಲ್ಲ. ಅದರ ಟೈಪ್ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿ.

ಬೇರೆಯವರ ಮುಕ್ತ ಫಾಂಟನ್ನು ತಿದ್ದಿ ನಿಮ್ಮದು ಮಾಡಿಕೊಂಡಿದ್ದರೆ ಪರವಾನಗಿ ಓದಿ. ಓಪನ್ ಫಾಂಟ್ ಲೈಸೆನ್ಸ್ ತಿದ್ದಲು ಬಿಡುತ್ತದೆ. ಆದರೆ ಫಾಂಟನ್ನು ಅದೊಂದನ್ನೇ ಮಾರುವಂತಿಲ್ಲ, ಮೂಲದವರು ಹೆಸರು ಕಾಯ್ದಿರಿಸಿದ್ದರೆ ಆ ಹೆಸರನ್ನು ಬಳಸುವಂತೆಯೂ ಇಲ್ಲ.

ಹಂತ 9: ಬೋರ್ಡು, ಚೀಲ, ಕಲ್ಲು

ಬೋರ್ಡ್: ಎರಡು ಸಾಲು ಇದ್ದರೆ ಸಾಲುಗಳ ನಡುವಿನ ಅಂತರ ಮೊದಲ ಸಾಲಿನ ಒತ್ತನ್ನೂ ಎರಡನೆಯ ಸಾಲಿನ ಗುಡಿಸನ್ನೂ ನುಂಗಬೇಕು. ಹೆಸರಿಗೆ ಮಾತ್ರ ಈ ಅಕ್ಷರ ಇರಲಿ. ವಿಳಾಸ, ಫೋನ್, ಸಮಯವನ್ನು ಮಾಮೂಲಿ ಫಾಂಟಿನಲ್ಲಿ ಹಾಕಿ. ಎಲ್ಲವೂ ದಪ್ಪ ಆದರೆ ಯಾವುದೂ ದಪ್ಪ ಅಲ್ಲ, ಅಲ್ವಾ? ಪಕ್ಕದಲ್ಲಿ ಇಂಗ್ಲಿಷ್ ಬರುವುದಿದ್ದರೆ ಎತ್ತರ ಹೊಂದಿಸಲು ಹೋಗಬೇಡಿ, ಗೆರೆಯ ದಪ್ಪ ಹೊಂದಿಸಿ. ಉರ್ದು ಸಾಲಿಗೆ ಈ ಯಾವ ಲೆಕ್ಕವೂ ಹೊಂದುವುದಿಲ್ಲ. ಅದರ ಅಕ್ಷರ ಓರೆಯಾಗಿ ಇಳಿಯುತ್ತದೆ, ಅದಕ್ಕೆ ಚೌಕದ ವೇಷ ಹಾಕಿಸದೆ ಬರೆಯಬಲ್ಲವರ ಕೈಗೆ ಕೊಡಿ.

ದೀಪದ ಅಕ್ಷರ: ಒಳಗಿನಿಂದ ಎಲ್‌ಇಡಿ ಉರಿಯುವ ಅಕ್ಷರಕ್ಕೆ ಗೆರೆಯನ್ನು 10ರಿಂದ 15 ಅಂಶ ತೆಳ್ಳಗೆ ಮಾಡಿ, ಬೆಳಕು ಹರಡಿ ಅದನ್ನು ತುಂಬುತ್ತದೆ. ಪ್ರತಿ ಒತ್ತೂ ಬೇರೆ ಡಬ್ಬಿ, ಅದಕ್ಕೆ ಬೇರೆ ವೈರು. ಠದ ಚುಕ್ಕೆಯೂ ಅಷ್ಟೇ. ಅಂದಾಜು ಪಟ್ಟಿ ಮಾಡುವಾಗ ಇವನ್ನು ಎಣಿಸದಿದ್ದರೆ ನಷ್ಟ ನಿಮ್ಮದೇ.

ಚೀಲ: ನೆಹರು ಗಂಜ್ ಕಡೆ ಬೇಳೆ ಚೀಲದ ಮೇಲೆ ಹೆಸರು ಹಾಕಲು ತಗಡಿನಲ್ಲೋ ದಪ್ಪ ಪ್ಲಾಸ್ಟಿಕ್‌ನಲ್ಲೋ ಅಚ್ಚು ಕತ್ತರಿಸಬೇಕು. ತೊಗರಿ ಅಂತ ಹಾಗೇ ಕತ್ತರಿಸಿದರೆ ರಿಯಂಥ ಅಕ್ಷರಗಳ ಸುಳಿಯೊಳಗಿನ ತುಂಡು ಉದುರಿ ಬೀಳುತ್ತದೆ. ಅದನ್ನು ಹಿಡಿದಿಡಲು ಸೇತುವೆ ಬೇಕು. ಸೇತುವೆಯ ಅಗಲ ಗೆರೆಯ ಮೂರನೇ ಒಂದು ಭಾಗ ಇರಲಿ, ಎಲ್ಲ ಅಕ್ಷರಗಳಲ್ಲೂ ಒಂದೇ ದಿಕ್ಕಿನಲ್ಲಿ ಬರಲಿ. ಬಾಯಿ ತೆರೆದ ಅಕ್ಷರಕ್ಕೆ ಸೇತುವೆ ಬೇಕಿಲ್ಲ, ಸುಮ್ನೆ ಎಲ್ಲದಕ್ಕೂ ಹಾಕಬೇಡಿ. ಸೇತುವೆಯನ್ನು ಪ ಅಕ್ಷರದ ಬಾಯಿಯ ಹತ್ತಿರ ತಂದರೆ ವ, ಪ ಗೊಂದಲ ಮತ್ತೆ ಶುರು. ಬಣ್ಣ ಗಟ್ಟಿಯಾಗಿರಲಿ, ಬ್ರಷ್ ಹೆಚ್ಚುಕಡಿಮೆ ಒಣಗಿರಲಿ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಊರಿನ ಹೆಸರೇ ಕಲಸಿಹೋದ ಚೀಲ ಕಳಿಸಿದರೆ ಕೊಳ್ಳುವವರಿಗೆ ಅದು ಎಲ್ಲಿಯ ಬೇಳೆ ಅಂತ ಹೇಗೆ ಗೊತ್ತಾಗಬೇಕು?

ಕಲ್ಲು: ಯಂತ್ರದ ಮೊನೆ 3 ಮಿಲಿಮೀಟರ್ ಇದ್ದರೆ ಯಾವ ಒಳಮೂಲೆಯೂ ಒಂದೂವರೆ ಮಿಲಿಮೀಟರಿಗಿಂತ ಚೂಪಾಗದು. ಮೂಲೆಯನ್ನು ಮೊದಲೇ ಅಷ್ಟು ದುಂಡು ಮಾಡಿ ಕೊಡಿ. ಇಲ್ಲದಿದ್ದರೆ ಒಂದೊಂದು ಮೂಲೆ ಒಂದೊಂದು ಥರ ಬರುತ್ತದೆ. ಶಹಾಬಾದ್ ಕಲ್ಲು ಪದರು ಪದರಾಗಿ ಏಳುತ್ತದೆ. ಎರಡು ಕೊರೆತದ ನಡುವೆ 4 ಮಿಲಿಮೀಟರಿಗಿಂತ ಕಡಿಮೆ ಉಳಿಸಿದರೆ ಆ ಪಟ್ಟಿ ಕಿತ್ತು ಬರುವ ಭಯ ಇದೆ. ಚಿಕ್ಕ ನಾಮಫಲಕಕ್ಕೆ ಒತ್ತಿನ ಗೆರೆ ಇನ್ನೂ ಸರಳವಾಗಿರಲಿ.

ಫೈಲ್ ಕೊಡುವಾಗ ಎರಡು ಪ್ರತಿ ಮಾಡಿ. ಒಂದರಲ್ಲಿ ಅಕ್ಷರಗಳನ್ನೆಲ್ಲ ಕರ್ವ್ ಮಾಡಿ, ಅಂದರೆ ಬರೀ ಆಕಾರಗಳಾಗಿ ಬದಲಿಸಿ, ಪಿಡಿಎಫ್ ಆಗಿ ಉಳಿಸಿ, ಪ್ರಿಂಟಿಗೆ ಹೋಗುವುದು ಅದು. ಇನ್ನೊಂದು ತಿದ್ದಲು ಬರುವ ಯೂನಿಕೋಡ್ ಪ್ರತಿ, ಅದು ನಿಮ್ಮ ಹತ್ತಿರವೇ ಇರಲಿ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ ಬಂದರೆ ಮೊದಲು ಯೂನಿಕೋಡಿಗೆ ಬದಲಿಸಿ, ಆಮೇಲೆ ಒಂದೊಂದೇ ಅಕ್ಷರ ಓದಿ. ಬದಲಾಗುವಾಗ ಮೊದಲು ಕೆಡುವುದು ಅರ್ಕಾವತ್ತು. ಕರ್ವ್ ಮಾಡಿದ ಮೇಲೆ ಯಾರೂ ಕಾಗುಣಿತ ತಿದ್ದಲಾರರು, ಹಾಗಾಗಿ ಹೆಸರನ್ನು ಅಂಗಡಿಯವರ ಕೈಲೇ ಓದಿಸಿ, ಪ್ರಿಂಟಿನ ಮೇಲೆ ಸಹಿ ಹಾಕಿಸಿಕೊಂಡು ಕಳಿಸಿ.